ಸಾಂತೋಲ್ ಮರದ ಪಂಚಾಯಿತಿ

ದೊರೊತೆಯಾ ಒಂದು ವಿಷಯವನ್ನು ತಲೆಗೆ ಹಾಕಿಕೊಂಡಳೆಂದರೆ ಅದನ್ನು ಕೆಳಗಿಳಿಸಲು ತಯಾಬಾಸ್ ಊರಿನ ಪಾದ್ರಿಯಿಂದಲೂ ಆಗುತ್ತಿರಲಿಲ್ಲ. ಈ ಏಪ್ರಿಲ್‌ನಲ್ಲಿ ಅವಳ ತಲೆಗೆ ಹೊಕ್ಕದ್ದು ಸಣ್ಣ ವಿಷಯವೂ ಅಲ್ಲ. ತನ್ನ ಹಿತ್ತಲಿನ ಸಾಂತೋಲ್ ಮರಕ್ಕೆ ಪಕ್ಕದ ಮನೆಯ ಬಸೀಲಿಯಾ ವಿಷ ಹಾಕಿದ್ದಾಳೆ ಎಂದು ಅವಳು ನಿಶ್ಚಯಿಸಿಬಿಟ್ಟಿದ್ದಳು.

ಮರ ಸಾಯುತ್ತಿದ್ದದ್ದೇನೋ ನಿಜ. ಇಪ್ಪತ್ತಾರು ವರ್ಷದ ಮರ. ಜೂನ್ ಕಳೆಯಿತೆಂದರೆ ಮುಷ್ಟಿಗಾತ್ರದ ಹಳದಿ ಹಣ್ಣು ಕೊಂಬೆ ಬಾಗುವಷ್ಟು ಬಿಡುತ್ತಿತ್ತು. ಓಣಿಯ ಹೆಂಗಸರೆಲ್ಲ ಅದರ ಸಿಪ್ಪೆ ತುರಿದು, ತೆಂಗಿನ ಹಾಲಿನಲ್ಲಿ ಸೀಗಡಿ, ಹಸಿಮೆಣಸಿನ ಜೊತೆ ಬೇಯಿಸುತ್ತಿದ್ದರು. ತೆಯಾ, ಅಂದರೆ ನಮ್ಮ ದೊರೊತೆಯಾ, ಹಣ್ಣು ಹಂಚುವಾಗ ಅದನ್ನು ತಾನೇ ಹೆತ್ತವಳಂತೆ ಬೀಗುತ್ತಿದ್ದಳು. ಅಂಥ ಮರ ಈಸ್ಟರ್ ಹಬ್ಬದ ಹಿಂದಿನ ವಾರ ಇದ್ದಕ್ಕಿದ್ದಂತೆ ಎಲೆ ಉದುರಿಸತೊಡಗಿತು. ಸಾಂತೋಲ್ ಎಲೆ ಹಣ್ಣಾದರೆ ಕೆಂಪಗಾಗಿ ಉದುರುತ್ತದೆ, ಅದು ಎಲ್ಲರಿಗೂ ಗೊತ್ತು. ಇದು ಹಾಗಲ್ಲ. ಎಲೆಯ ನಡುವೆ ಹಸಿರು ಇರುವಾಗಲೇ ಅಂಚೆಲ್ಲ ಕಂದಾಗಿ, ಸೀದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಕಡಲೆಗಾತ್ರದ ಎಳೆಗಾಯಿಗಳೂ ಜೊತೆಗೇ ಬಿದ್ದವು. ಹದಿನೈದು ದಿನದಲ್ಲಿ ಅರ್ಧ ಮರ ಬರೀ ಕಡ್ಡಿಯಾಯಿತು.

ಗಂಡ ದೆನ್ಸೋ ತೆಂಗಿನ ತೋಟದವನು, ಮರಗಳ ವಿಷಯ ತನಗೆ ತಿಳಿಯದ್ದಿಲ್ಲ ಎಂಬ ಜಂಬದವನು. ಕಾಂಡದ ಸುತ್ತ ತಟ್ಟಿ, ಕೊರೆಯುವ ಹುಳುವಿನ ತೂತು ಹುಡುಕಿದ. ಒಂದೂ ಸಿಗಲಿಲ್ಲ. ತೊಗಟೆಯ ಸಂದಿಯಲ್ಲಿ ಗೆದ್ದಲು ಹುಡುಕಿದ. ಅದೂ ಇಲ್ಲ. ಕೊನೆಗೆ, ವಯಸ್ಸಾಗಿರಬೇಕು ಎಂದ. ಇಪ್ಪತ್ತಾರಕ್ಕೇ ಸಾಯುವ ವಯಸ್ಸಾಗುವುದಾದರೆ ಅರವತ್ತೆರಡಾದ ನೀನು ಇನ್ನೂ ಯಾಕೆ ಎರಡೆರಡು ತಟ್ಟೆ ಅನ್ನ ಬಾರಿಸುತ್ತಿದ್ದೀಯ ಎಂದು ತೆಯಾ ಕೇಳಿದ ಮೇಲೆ ಅವನು ಆ ಮರದ ಸುದ್ದಿಗೇ ಹೋಗಲಿಲ್ಲ.

ಆಮೇಲೆ ಮೇಲಿನ ಓಣಿಯ ಮದ್ದಿನಜ್ಜಿಯನ್ನು ಕರೆಸಿದರು. ಅಜ್ಜಿ ಮರದ ಬುಡದಲ್ಲಿದ್ದ ಸಣ್ಣ ಹುತ್ತವನ್ನು ನೋಡಿ, ಒಳಗೆ ವಾಸವಿರುವ, ಕಣ್ಣಿಗೆ ಕಾಣದ ಕುಳ್ಳಜ್ಜ ಮುನಿಸಿಕೊಂಡಿದ್ದಾನೆ, ಯಾರೋ ಅವನ ತಲೆಯ ಮೇಲೆ ಏನನ್ನೋ ಸುರಿದಿದ್ದಾರೆ ಎಂದಳು. ಉಪ್ಪು ಹಾಕದೆ ಬೇಯಿಸಿದ ಕೋಳಿಯನ್ನೂ ಅನ್ನವನ್ನೂ ಅಲ್ಲಿಡಬೇಕು, ಅವರ ಜಾತಿಗೆ ಉಪ್ಪು ಆಗಿಬರುವುದಿಲ್ಲ ಎಂದೂ ಹೇಳಿದಳು. ತೆಯಾ ತಲೆಬಾಗಿ, ಕ್ಷಮಿಸಿ ತಾತ ಎಂದು ಹೇಳಿ ತಟ್ಟೆ ಇಟ್ಟಳು. ಕೋಳಿಯನ್ನು ಬೀದಿನಾಯಿ ತಿಂದಿತು. ಮರ ಎಲೆ ಉದುರಿಸುತ್ತಲೇ ಇತ್ತು.

ಆದರೆ ಅಜ್ಜಿಯ ಒಂದು ಮಾತು ತೆಯಾಳ ತಲೆಯಲ್ಲಿ ಉಳಿದುಬಿಟ್ಟಿತು. ಯಾರೋ ಏನನ್ನೋ ಸುರಿದಿದ್ದಾರೆ. ಯಾರು? ಫೆಬ್ರವರಿಯಲ್ಲಿ ಬಸೀಲಿಯಾ ನೀಲಿ ಕ್ಯಾನು ಬೆನ್ನಿಗೆ ಹಾಕಿಕೊಂಡು ತನ್ನ ಅಂಗಳದಲ್ಲಿ ಕಳೆ ಔಷಧಿ ಹೊಡೆಯುತ್ತಿದ್ದಳಲ್ಲ, ಅದು ನೆನಪಾಯಿತು. ಕ್ರಿಸ್ಮಸ್ ಹೊತ್ತಿಗೆ, ಈ ಮರದ ಎಲೆ ಗುಡಿಸಿ ಗುಡಿಸಿ ನನ್ನ ಸೊಂಟ ಹೋಯಿತು, ಒಂದು ದಿನ ಇದಕ್ಕೊಂದು ಗತಿ ಕಾಣಿಸುತ್ತೇನೆ ಎಂದು ಅವಳು ಅಂದದ್ದೂ ನೆನಪಾಯಿತು. ಅವತ್ತು ಅವಳು ನಗುತ್ತಾ ಅಂದಿದ್ದಳು, ತೆಯಾಳೂ ನಕ್ಕಿದ್ದಳು. ಈಗ ಆ ನಗುವೇ ಬೇರೆಯಾಗಿ ಕಾಣಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಬೇರೆ ಯಾರಾದರೂ ಆಗಿದ್ದರೆ ತೆಯಾ ನಾಲ್ಕು ಬೈದು ಸುಮ್ಮನಾಗುತ್ತಿದ್ದಳೇನೋ. ಬಸೀಲಿಯಾ ಬೇರೆ ಯಾರೋ ಅಲ್ಲ. ತೆಯಾಳ ಮಗಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು. ಹಾಗೆ ನಿಂತವಳನ್ನು ನಮ್ಮಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ, 'ಮಾರೆ' ಎನ್ನುತ್ತೇವೆ. ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚೇ. ಮೂವತ್ತು ವರ್ಷದಿಂದ ಈ ಇಬ್ಬರು ಮಾರೆಯರು ಬೆಳಗಿನ ಕಾಫಿಯನ್ನು ಬೇಲಿಯ ಆಚೆ ಈಚೆ ನಿಂತೇ ಕುಡಿಯುತ್ತಿದ್ದರು. ಒಬ್ಬಳು ಬರುವುದು ತಡವಾದರೆ ಇನ್ನೊಬ್ಬಳ ಕಾಫಿ ಆರುತ್ತಿತ್ತು. ಅಂಥವಳೇ ಹೀಗೆ ಮಾಡಿದಳಲ್ಲ ಎಂಬುದು ತೆಯಾಳಿಗೆ ಮರಕ್ಕಿಂತ ಹೆಚ್ಚು ಉರಿಯಿತು. ಆ ಉರಿಯಲ್ಲಿ ಬೇಲಿಯ ಹತ್ತಿರ ಹೋಗಿ ಕೇಳುವುದನ್ನು ಬಿಟ್ಟು, ನೆಟ್ಟಗೆ ಊರ ಪಂಚಾಯಿತಿಯ ಬರಂಗಾಯ್ ಕಚೇರಿಗೆ ನಡೆದು, ಅದರ ಮುಖ್ಯಸ್ಥರಾದ ಕಪಿತಾನರ ದೂರಿನ ಪುಸ್ತಕದಲ್ಲಿ ಬಸೀಲಿಯಾಳ ಹೆಸರು ಬರೆಸಿ ಬಂದಳು. ದೆನ್ಸೋ ವಿಷಯ ತಿಳಿದು ತಲೆ ಚಚ್ಚಿಕೊಂಡ. ಇದನ್ನು ಎಲ್ಲರೆದುರು ಒಂದು ಸಲ ಬಾಯಲ್ಲಿ ಹೇಳಿದರೆ ಮತ್ತೆ ನುಂಗಲಾಗುವುದಿಲ್ಲ, ಮರ ಹೋದರೆ ಇನ್ನೊಂದು ನೆಡಬಹುದು, ಮಾರೆಯನ್ನು ಎಲ್ಲಿಂದ ತರುತ್ತೀಯ ಎಂದ. ತೆಯಾ ಕೇಳಲಿಲ್ಲ.

ವಿಚಾರಣೆ ಒಂಬತ್ತು ದಿನದ ನಂತರ ಎಂದು ಕಚೇರಿಯ ಚೀಟಿ ಎರಡೂ ಮನೆಗೆ ಬಂತು. ಬಸೀಲಿಯಾ ಚೀಟಿ ಓದಿ ಒಳಗೆ ಹೋದವಳು ಬೇಲಿಯ ಕಡೆ ಮುಖ ಹಾಕಲಿಲ್ಲ. ತೆಯಾ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಅಭ್ಯಾಸಬಲದಿಂದ ಬೇಲಿಯವರೆಗೆ ಹೋಗಿ, ನೆನಪಾಗಿ ಹಿಂದೆ ಬರುತ್ತಿದ್ದಳು. ಹೀಗೆ ಒಂಬತ್ತು ದಿನವೂ ಆಯಿತು. ನೋವನ್ನು ಮರೆಯಲು ಮೈಮುರಿದು ಕೆಲಸ ಮಾಡಿದಳು. ಹೋದ ನವೆಂಬರಿನಿಂದ ಅವಳು ಬಾತುಮೊಟ್ಟೆಗೆ ಉಪ್ಪು ಹಿಡಿಸಿ, ಬೇಯಿಸಿ, ಕೆಂಪು ಬಣ್ಣ ಹಾಕಿ ಸಂತೆಗೆ ಕಳಿಸುತ್ತಿದ್ದಳು. ಈಗ ಎರಡು ಡ್ರಮ್ಮು ಇದ್ದದ್ದು ಮೂರಾಯಿತು. ಮರದ ಆರೈಕೆಯನ್ನೂ ಬಿಡಲಿಲ್ಲ, ಎಂದಿಗಿಂತ ಹೆಚ್ಚೇ ಮಾಡಿದಳು. ಕಾಯಿಲೆ ಬಿದ್ದವರನ್ನು ಯಾರಾದರೂ ಉಪವಾಸ ಕೆಡವುತ್ತಾರೆಯೇ?

ವಿಚಾರಣೆಯ ದಿನ ನಾಲ್ಕು ಗಂಟೆಗೆ ಕಪಿತಾನ್ ಮೊದೆಸ್ತೋ ಪುಸ್ತಕ ತೆರೆದರು. ದಪ್ಪನೆಯ ಮನುಷ್ಯ, ಕೋಳಿ ಕದ್ದ ಜಗಳದಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಎಲ್ಲದಕ್ಕೂ ಮರಗೆಣಸಿನ ಕಡುಬು ತಿನ್ನಿಸಿ ರಾಜಿ ಮಾಡಿಸುವುದರಲ್ಲಿ ಪಳಗಿದವರು. ಅವರು ತೆಯಾಳಿಗೆ, ಹೇಳಿ ಎನ್ನುವಷ್ಟರಲ್ಲಿ ಬಸೀಲಿಯಾ ಕೈ ಎತ್ತಿದಳು. ಒಂಬತ್ತು ದಿನದಲ್ಲಿ ಅವಳ ಮುಖ ಇಳಿದುಹೋಗಿತ್ತು. ತೆಯಾ ಅದನ್ನು ನೋಡಲಾಗದೆ ಕಪಿತಾನರ ಪುಸ್ತಕದ ಕಡೆ ತಿರುಗಿದಳು.

"ಕಪಿತಾನ್, ಅವಳು ಬಾಯಿ ಬಿಡೋಕೆ ಮೊದ್ಲು ಎಲ್ರೂ ಮರದ ಹತ್ರ ಹೋಗೋಣ," ಎಂದಳು ಬಸೀಲಿಯಾ. "ರೋಗಿಯನ್ನೇ ನೋಡ್ದೆ ಯಾರು ಕೊಂದ್ರು ಅಂತ ಪಂಚಾಯ್ತಿ ಮಾಡ್ತೀರಲ್ಲ, ಇದು ಯಾವ ನ್ಯಾಯ? ಮೊದ್ಲು ಅದು ಸತ್ತಿದೆಯೋ ಇಲ್ವೋ ನೋಡೋಣ."

ಕಪಿತಾನರಿಗೆ ಅದು ಸರಿಯೆನಿಸಿತು. ವಿಚಾರಣೆ ನೋಡಲು ಬಂದಿದ್ದ ಓಣಿಯವರೂ ಸೇರಿ ಎಲ್ಲರೂ ಬಿಸಿಲಲ್ಲಿ ನಡೆದು ತೆಯಾಳ ಹಿತ್ತಲಿಗೆ ಬಂದರು. ಬಸೀಲಿಯಾ ದೆನ್ಸೋನ ಕೈಯಿಂದ ಮಚ್ಚು ಇಸಿದುಕೊಂಡು, ಒಂದು ಒಣಕೊಂಬೆಯ ತೊಗಟೆಯನ್ನು ಉಗುರಿನಷ್ಟು ಕೆರೆದಳು. ಒಳಗೆ ಹಸಿರಿತ್ತು. ಇನ್ನೊಂದು ಕಡೆ ಕೆರೆದಳು. ಅಲ್ಲೂ ಹಸಿರು. ಜೀವ ಹೋಗಿಲ್ಲ ಎಂದು ಅವಳು ಹೇಳಿದಾಗ ತೆಯಾ ತನಗೇ ಗೊತ್ತಿಲ್ಲದೆ ಶಿಲುಬೆಯ ಗುರುತು ಮಾಡಿಕೊಂಡಳು.

ಬಸೀಲಿಯಾ ಅವಸರ ಮಾಡಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದು, ಒಂದೊಂದಾಗಿ ಕಪಿತಾನರಿಗೆ ತೋರಿಸಿದಳು. ಔಷಧಿ ಹೊಡೆದದ್ದು ತನ್ನ ಕಡೆಯಿಂದಾದರೆ ಮೊದಲು ಒಣಗಬೇಕಾದ್ದು ತನ್ನ ಕಡೆಯ ಕೊಂಬೆ. ಒಣಗಿರುವುದು ತೆಯಾಳ ಅಡುಗೆಮನೆಯ ಕಡೆಯವು. ಬೇಲಿಯ ಬುಡದಲ್ಲಿ ಹುಲ್ಲು ಹಸಿರಾಗಿಯೇ ಇದೆ. ಮರದ ಬುಡದಲ್ಲಿ, ತೆಯಾಳ ಕಡೆ, ಒಂದು ಗರಿಕೆಯೂ ಇಲ್ಲ. ಇಡೀ ಹಿತ್ತಲು ಕೆದಕುವ ಬಾತುಗಳು ಆ ಜಾಗಕ್ಕೆ ಮಾತ್ರ ಬರುತ್ತಿಲ್ಲ, ಅಂದರೆ ಅಲ್ಲಿ ಎರೆಹುಳು ಉಳಿದಿಲ್ಲ. ತೆಯಾ ಇದನ್ನೆಲ್ಲ ದಿನಕ್ಕೆ ಹತ್ತು ಸಲ ಕಂಡಿದ್ದಳು. ಕಂಡಿದ್ದಳು ಅಷ್ಟೆ, ನೋಡಿರಲಿಲ್ಲ.

ಬಸೀಲಿಯಾ ಕೊನೆಗೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಅಂಗೈ ಇಟ್ಟಳು. ತಲೆ ಬಗ್ಗಿಸಿ ತುಂಬಾ ಹೊತ್ತು ನೋಡಿದಳು. ಅವಳು ಪಂಗಸಿನಾನ್ ಕಡೆಯಿಂದ ಮದುವೆಯಾಗಿ ಬಂದವಳು, ಉಪ್ಪಿನ ಗದ್ದೆಯಲ್ಲಿ ಹಲುಬೆ ಎಳೆಯುವವನ ಮಗಳು. ಒಣಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದನ್ನು ಬೇರೆಯವರು ಬಿಸಿಲಿಗೆ ಬೂದಿಯಾದ ಮಣ್ಣು ಅಂದುಕೊಳ್ಳಬಹುದು, ಅವಳು ಅಂದುಕೊಳ್ಳುವಂತಿರಲಿಲ್ಲ. ಮಚ್ಚಿನ ತುದಿಯಿಂದ ಚಿಟಿಕೆ ಮಣ್ಣು ಕೆದಕಿ, ನಾಲಿಗೆಯ ತುದಿಗೆ ಇಟ್ಟುಕೊಂಡಳು. ಉಗಿದಳು. ಇನ್ನೂ ಒಂದು ಗೇಣು ಕೆಳಗಿನ ಮಣ್ಣು ತೆಗೆದು ಅದನ್ನೂ ನೆಕ್ಕಿದಳು.

"ಉಪ್ಪು," ಎಂದಳು.

ಕಪಿತಾನರೂ ನಾಲಿಗೆಗೆ ಇಟ್ಟುಕೊಂಡು ನೋಡಿ ಮುಖ ಕಿವುಚಿದರು. ಸಮುದ್ರ ಮೂರು ಹೊಳೆ ಆಚೆ ಇದೆ, ಇಲ್ಲಿಗೆ ಉಪ್ಪು ಹೇಗೆ ಬಂತು ಎಂದು ಕೇಳಿದರು.

ಬಸೀಲಿಯಾಳ ಕಣ್ಣು ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಮೂರು ನೀಲಿ ಡ್ರಮ್ಮುಗಳ ಮೇಲೆ ಹೋಯಿತು, ಅಲ್ಲಿಂದ ತೆಯಾಳ ಮುಖಕ್ಕೆ ಬಂತು, ನೆಲಕ್ಕೆ ಇಳಿಯಿತು. ಅವಳಿಗೆ ಗೊತ್ತಾಗಿದೆ ಎಂದು ತೆಯಾಳಿಗೆ ಗೊತ್ತಾಯಿತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇಡೀ ಓಣಿಯ ಮುಂದೆ ತೆಯಾಳ ಮಾನ ಹರಾಜಾಗುತ್ತಿತ್ತು. ಬಸೀಲಿಯಾ ಮಚ್ಚಿಗೆ ಅಂಟಿದ ಮಣ್ಣನ್ನು ಬೆರಳಿನಿಂದ ಒರೆಸುತ್ತಾ ಕೂತಳು.

"ನಾನೇ ಹಾಕಿದ್ದು," ಎಂದಳು ತೆಯಾ. "ಮೊಟ್ಟೆ ತೆಗೆದ್ಮೇಲೆ ಉಳಿಯೋ ಉಪ್ಪುನೀರು. ವಾರಕ್ಕೆ ಎರಡು ಬಕೆಟ್ಟು. ನನ್ನ ಕೈಯಾರೆ, ಚೊಂಬಲ್ಲಿ ಅಳೆದು ಅಳೆದು ಹಾಕ್ದೆ."

ಯಾಕೆ ಎಂದು ಕಪಿತಾನರು ಕೇಳಲಿಲ್ಲ. ತೆಂಗಿನ ನಾಡಿನಲ್ಲಿ ಹುಟ್ಟಿದವರು ಅದನ್ನು ಕೇಳಬೇಕಾಗಿಲ್ಲ. ಮಳೆಗಾಲದ ಮೊದಲು ತೆಂಗಿನ ಬುಡಕ್ಕೆ ಕಲ್ಲುಪ್ಪು ಹಾಕುವುದು ಅಜ್ಜನ ಕಾಲದಿಂದ ಬಂದದ್ದು, ಹಾಕಿದರೆ ಕಾಯಿ ದಪ್ಪ, ಕೊಬ್ಬರಿ ಗಟ್ಟಿ. ತೆಯಾ ಮೊದಲು ಆ ನೀರನ್ನು ಹಿತ್ತಲಿನ ಎರಡು ತೆಂಗಿಗೆ ಹಾಕಿದ್ದಳು. ಅವು ನಳನಳಿಸಿದವು. ಅದನ್ನು ಕಂಡು, ಪಾಪ, ಸಾಂತೋಲ್ ಏನು ಪಾಪ ಮಾಡಿದೆ, ಅದಕ್ಕೂ ಒಂದು ಪಾಲಿರಲಿ, ಹಣ್ಣು ಸಿಹಿಯಾಗಲಿ ಎಂದು ಕೊಡಲು ಶುರುಮಾಡಿದ್ದಳು. ಫೆಬ್ರವರಿಯವರೆಗೆ ಮಳೆ ಸುರಿದು ಉಪ್ಪನ್ನೆಲ್ಲ ತೊಳೆದುಕೊಂಡು ಹೋಗುತ್ತಿತ್ತು. ಮಾರ್ಚಿನಲ್ಲಿ ಮಳೆ ನಿಂತಿತು, ಬಕೆಟ್ಟು ನಿಲ್ಲಲಿಲ್ಲ. ಉಪ್ಪಿಲ್ಲದ ಕೋಳಿ ಇಟ್ಟ ಮರುದಿನ ಅದೇ ಹುತ್ತದ ಪಕ್ಕ ಒಂದು ಬಕೆಟ್ಟು ಹೆಚ್ಚೇ ಸುರಿದಿದ್ದಳು, ಬೇಗ ಗುಣವಾಗಲಿ ಎಂದು. ತೆಂಗಿಗೆ ಅಮೃತವಾದದ್ದು ಪಕ್ಕದ ಮರಕ್ಕೆ ವಿಷವಾಗಬಹುದು ಎಂಬುದು ಅವಳಿಗೂ ಹೊಳೆದಿರಲಿಲ್ಲ, ದಿನಾ ನೋಡುತ್ತಿದ್ದ ದೆನ್ಸೋನ ಜಂಬದ ತಲೆಗೂ ಹೊಳೆದಿರಲಿಲ್ಲ.

ಓಣಿಯವರ ಮುಂದೆ ನಾಚಿಕೆಯಿಂದ ಭೂಮಿಗೆ ಇಳಿದುಹೋಗಬೇಕಿತ್ತು. ಇಳಿಯಲಿಲ್ಲ. ತೆಯಾಳಿಗೆ ಆದದ್ದೇ ಬೇರೆ. ಎದೆಯ ಮೇಲೆ ಕೂತಿದ್ದ ಒಂದು ಕಲ್ಲುಗುಂಡು ಉರುಳಿಹೋದಂತಾಗಿ ಅವಳು ಅಲ್ಲೇ ಮರಕ್ಕೆ ಒರಗಿ ಕೂತುಬಿಟ್ಟಳು. ಬಸೀಲಿಯಾ ಮಾಡಿರಲಿಲ್ಲ. ಮರಕ್ಕೆ ವಿಷ ಹಾಕಿದವಳು ತಾನು, ತನ್ನಂಥ ಮೂರ್ಖಳು ತಯಾಬಾಸಿನಲ್ಲೇ ಇಲ್ಲ, ಆದರೆ ಬಸೀಲಿಯಾ ಮಾಡಿರಲಿಲ್ಲ. ಇಷ್ಟು ಸಂತೋಷ ಅವಳಿಗೆ ಮಗಳ ಮದುವೆಯ ದಿನವೂ ಆಗಿರಲಿಲ್ಲ.

ಮುಂದೇನು ಎಂದು ಕಪಿತಾನರು ಕೇಳಿದಾಗ ಉತ್ತರ ಹೇಳಿದವಳು ಬಸೀಲಿಯಾಳೇ. "ಉಪ್ಪು ತಿಂದ್ಮೇಲೆ ನೀರು ಕುಡೀಲೇಬೇಕು. ಮೇಲಿನ ಮಣ್ಣು ಕೆರೆದು ತೆಗೀಲಿ, ಗಟ್ಟಿಯಾಗಿರೋದನ್ನ ಸಡಿಲ ಮಾಡ್ಲಿ. ನನ್ನ ಬೋರ್‌ವೆಲ್ಲಲ್ಲಿ ನೀರಿದೆ, ದಿನಾ ಬಿಡ್ತೀನಿ. ಉಪ್ಪು ಬೇರಿಂದ ಕೆಳಗಿಳಿದ್ರೆ ಬದುಕುತ್ತೆ."

ಇನ್ನು ಉಳಿದದ್ದು ಪುಸ್ತಕ. ಬರೆದ ದೂರನ್ನು ಹರಿಯುವಂತಿಲ್ಲ, ಇಬ್ಬರೂ ಒಪ್ಪಿದ ರಾಜಿ ಬರೆದು ರುಜು ಹಾಕಲೇಬೇಕು ಎಂದರು ಕಪಿತಾನರು. ಏನು ಶಿಕ್ಷೆ ಬೇಕಾದರೂ ಬರೆಯಿರಿ, ಕಣ್ಣುಮುಚ್ಚಿ ರುಜು ಹಾಕುತ್ತೇನೆ ಎಂದಳು ತೆಯಾ. ಕಪಿತಾನರು ಬಸೀಲಿಯಾಳ ಕಡೆ ನೋಡಿದರು. ಅವಳು ಸೀರಿಯಸ್ಸಾಗಿ ಯೋಚಿಸಿದಳು.

"ಬರ್ಕೊಳ್ಳಿ," ಎಂದಳು. "ಇನ್ಮೇಲೆ ಇವಳಿಗೆ ನನ್ಮೇಲೆ ಸಿಟ್ಟು ಬಂದ್ರೆ, ಮೊದ್ಲು ಬೇಲಿ ಹತ್ರ ಬಂದು ನನ್ನ ಮುಖಕ್ಕೇ ಬೈಬೇಕು. ಆಮೇಲೆ ಬೇಕಾದ್ರೆ ನಿಮ್ಮ ಹತ್ರ ಬರ್ಲಿ, ಬಿಷಪ್ಪರ ಹತ್ರ ಹೋಗ್ಲಿ. ಅಷ್ಟೇ ನನ್ನ ಷರತ್ತು."

ಕಪಿತಾನರು ನಗದೆ ಬರೆದುಕೊಂಡರು. ಇಬ್ಬರೂ ರುಜು ಹಾಕಿದರು.

ಮರುದಿನ ದೆನ್ಸೋ ಮಣ್ಣು ಕೆರೆದು, ಹನ್ನೊಂದು ಚೀಲ ತುಂಬಿ, ಹೊಳೆಯಾಚೆಯ ತೆಂಗಿನ ತೋಟಕ್ಕೆ ಸಾಗಿಸಿದ. ಮೊಟ್ಟೆಯ ಉಪ್ಪುನೀರೂ ಇನ್ನು ಮುಂದೆ ಅಲ್ಲಿಗೇ ಹೋಗಬೇಕೆಂದಾಯಿತು. ಬಸೀಲಿಯಾ ಬೇಲಿಯ ಸಂದಿಯಿಂದ ಪೈಪು ತೂರಿಸಿ ಪಂಪು ಹಾಕಿದಳು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು ಹರಿಯಿತು. ಎರಡು ವಾರದಲ್ಲಿ ಎಲೆ ಉದುರುವುದು ನಿಂತಿತು. ಮೇ ಕೊನೆಯ ಹೊತ್ತಿಗೆ ತೆಯಾ ಮಣ್ಣು ನೆಕ್ಕಿ ನೋಡಿದರೆ ಮಣ್ಣಿಗೆ ಮಣ್ಣಿನ ರುಚಿಯೇ ಇತ್ತು. ಜೂನ್ ಮೊದಲ ವಾರ ತುದಿಕೊಂಬೆಯಲ್ಲಿ ಹೆಬ್ಬೆರಳಿನಷ್ಟು ಚಿಗುರು ಕಂಡಿತು. ತೆಯಾ ಅದರ ಕೆಳಗೆ ನಿಂತು ಕತ್ತು ನೋಯುವವರೆಗೂ ನೋಡಿದಳು. ಈ ವರ್ಷ ಹಣ್ಣಿಲ್ಲ, ಬೇಡವೇ ಬೇಡ, ಮರ ಉಳಿಯಿತಲ್ಲ.

ಮರ ಚಿಗುರಿತು, ಮಾತು ಚಿಗುರಲಿಲ್ಲ. ತಪ್ಪು ಮಾಡಿದವಳ ಮರ್ಯಾದೆ ಎಂದರೆ ಅದೊಂದು ದೊಡ್ಡ ಕಾಟ. ತೆಯಾ ದಿನಾ ಬೇಲಿಯ ಹತ್ತಿರ ಹೋಗಿ, ತಲೆಬಗ್ಗಿಸಿ, ತುಂಬಾ ಉಪಕಾರವಾಯಿತು ಎನ್ನುತ್ತಿದ್ದಳು. ಬಸೀಲಿಯಾ ಅಂಚೆ ಕಚೇರಿಯ ಗುಮಾಸ್ತೆಯಂತೆ, ಪರವಾಗಿಲ್ಲ ಎನ್ನುತ್ತಿದ್ದಳು. ಮಾರೆ ಎಂದು ಕರೆಯಲು ತೆಯಾಳಿಗೆ ಬಾಯಿ ಬರುತ್ತಿರಲಿಲ್ಲ, ಇವಳು ಕರೆಯದೆ ಅವಳೂ ಕರೆಯುತ್ತಿರಲಿಲ್ಲ. ಕಾಫಿಯನ್ನು ಇಬ್ಬರೂ ತಮ್ಮತಮ್ಮ ಅಡುಗೆಮನೆಯಲ್ಲಿ ಕುಡಿದರು. ತೆಯಾ ಹೆಚ್ಚು ವಿನಯ ತೋರಿಸಿದಷ್ಟೂ ಬಸೀಲಿಯಾಳ ಹುಬ್ಬು ಗಂಟಾಗುತ್ತಿತ್ತು. ಯಾಕೆಂದು ತೆಯಾಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆಯೆಂದರೆ ಮಧ್ಯಾಹ್ನವಾದರೆ ಬನಾಹಾವ್ ಬೆಟ್ಟವೇ ಕಾಣದಷ್ಟು. ಆದರೂ ಬಸೀಲಿಯಾಳ ಪಂಪು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓಡುತ್ತಲೇ ಇತ್ತು. ಮರದ ಬುಡದಲ್ಲಿ ನೀರು ನಿಂತು ಹುಳಿವಾಸನೆ ಬರತೊಡಗಿತು. ಇದು ಒಳ್ಳೆಯದಲ್ಲ ಎಂದು ತೆಯಾಳಿಗೆ ಗೊತ್ತು, ಬೇರು ಕೊಳೆಯುತ್ತದೆ. ಸಾಕು ಎಂದು ಹೇಳಬೇಕು. ಯಾವ ಮುಖದಿಂದ ಹೇಳುವುದು? ನೀರು ಕೊಟ್ಟವಳಿಗೆ, ಅದೂ ತಾನು ಅಪರಾಧಿ ಮಾಡಲು ಹೊರಟಿದ್ದವಳಿಗೆ, ನಿನ್ನ ನೀರು ಬೇಡ ಅನ್ನುವುದೇ? ಮೂರು ದಿನ ನುಂಗಿಕೊಂಡಳು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಎರಡು ಚಿಗುರು ಜೋತುಬಿದ್ದಿದ್ದವು, ಪಂಪು ಮಾತ್ರ ಗುಂಯ್ ಎಂದು ಓಡುತ್ತಿತ್ತು. ತೆಯಾಳ ತಲೆಗೆ ನೆತ್ತರು ಏರಿತು. ವಿನಯವೆಲ್ಲ ಎಲ್ಲಿಗೆ ಹೋಯಿತೋ, ಸೌಟು ಕೈಯಲ್ಲಿ ಹಿಡಿದೇ ಬೇಲಿಗೆ ಹೋದಳು.

"ಏ ಬಸೀಲಿಯಾ, ಕಣ್ಣಿದೆಯಾ ನಿಂಗೆ? ಮೇಲಿಂದ ಸುರೀತಾ ಇರೋದು ಕಾಣ್ಸಲ್ವಾ? ಉಪ್ಪು ಹಾಕಿ ನಾನು ಅರ್ಧ ಸಾಯ್ಸಿದ್ದೆ, ನೀರು ಹಾಕಿ ನೀನು ಪೂರ್ತಿ ಸಾಯ್ಸು."

ಬಸೀಲಿಯಾ ಬಟ್ಟೆ ಒಗೆಯುತ್ತಿದ್ದವಳು ಎದ್ದು ನಿಂತಳು. ನೊರೆಯ ಕೈಯಲ್ಲೇ ಬೇಲಿಯವರೆಗೆ ಬಂದಳು. ಅವಳ ಮುಖ ಕೆಂಪಾಗಿತ್ತು, ಆದರೆ ಎಷ್ಟೋ ದಿನದ ನಂತರ ಅದು ಅವಳ ಮುಖದಂತೆಯೇ ಇತ್ತು.

"ಸಾಕು ಅಂತ ಬಾಯ್ಬಿಟ್ಟು ಹೇಳೋಕೆ ನಿಂಗೇನು ದಾಡಿ?" ಎಂದಳು. "ದಿನಾ ಬಂದು 'ತುಂಬಾ ಉಪಕಾರ, ತುಂಬಾ ಉಪಕಾರ' ಅಂತ ಜಪ ಮಾಡಿ ಹೋಗ್ತಿದ್ದೆ. ನಾನು ಇನ್ನೂ ಬೇಕೇನೋ ಅಂದ್ಕೊಂಡೆ. ಮೂವತ್ತು ವರ್ಷ ನನ್ಮುಂದೆ ಬಾಯಿ ಮುಚ್ಚದವಳು, ಈಗ ಯಾರೋ ಗುರುತಿಲ್ಲದ ಹೆಂಗಸಿನ ಹಾಗೆ ತಲೆ ಬಗ್ಗಿಸ್ಕೊಂಡು ನಿಲ್ತೀಯಾ?"

ಅಲ್ಲಿಂದ ಜಗಳ ನೀರನ್ನು ಬಿಟ್ಟು ಎಲ್ಲೆಲ್ಲೋ ಹೋಯಿತು. ಚೀಟಿ ತಂದವನು ಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದ್ದು ಬಂತು. ಒಂಬತ್ತು ದಿನ ಬಸೀಲಿಯಾ ಅನ್ನ ಸೇರದೆ ಗಂಜಿ ಕುಡಿದದ್ದು ಬಂತು. ಬೈಯುತ್ತಾ ಬೈಯುತ್ತಾ ಅವಳಿಗೆ ಅಳು ಬಂತು, ನೊರೆಯ ಕೈಯಿಂದ ಕಣ್ಣೊರೆಸಿಕೊಂಡು ಕಣ್ಣು ಇನ್ನೂ ಉರಿದು ಮತ್ತಷ್ಟು ಬೈದಳು.

"ನಾನು ವಿಷ ಹಾಕ್ತೀನಿ ಅಂತ ಹೇಗೇ ಅಂದ್ಕೊಂಡೆ, ಮಾರೆ?"

"ಗೊತ್ತಿಲ್ಲ, ಮಾರೆ," ಎಂದಳು ತೆಯಾ. ಅವಳೂ ಅಳುತ್ತಿದ್ದಳು. "ನನ್ನ ತಲೆಯೇ ಅಂಥದ್ದು."

"ಅದು ಊರಿಗೆಲ್ಲ ಗೊತ್ತು."

ಗಲಾಟೆ ಕೇಳಿ ದೆನ್ಸೋ ಗಾಬರಿಯಿಂದ ಕೊಡೆ ಹಿಡಿದು ಓಡಿಬಂದ. ಮತ್ತೆ ಶುರುಮಾಡಿದಿರಾ, ಜನ ನೋಡುತ್ತಿದ್ದಾರೆ, ಒಳ ಬಾ ಎಂದು ಹೆಂಡತಿಯ ತೋಳು ಹಿಡಿದ. ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿ, ಇದು ಕಪಿತಾನರ ಪುಸ್ತಕದಲ್ಲಿ ಬರೆದ ಪ್ರಕಾರವೇ ನಡೆಯುತ್ತಿದೆ, ನೀನು ಒಳಗೆ ಹೋಗು ಎಂದರು. ಅವನು ಕೊಡೆಯನ್ನು ಅಲ್ಲೇ ಬಿಟ್ಟು ಹೋದ.

ಬಸೀಲಿಯಾ ಹೋಗಿ ಪಂಪು ನಿಲ್ಲಿಸಿದಳು. ಅವಳಿಗೆ ಹೇಳುವುದು ಇನ್ನೂ ಬೇಕಾದಷ್ಟು ಉಳಿದಿತ್ತು. ಅವಳು ತಿರುಗಿ ಬರುವವರೆಗೆ ತೆಯಾ ಮಳೆಯಲ್ಲಿ ಬೇಲಿಯ ಪಕ್ಕದಲ್ಲೇ ನಿಂತು ಕಾದಳು.